ವಿದುರಾಶ್ವತ್ಥದ ಸುದ್ದಿ: ಗಲಭೆಯ ಹೊತ್ತಿನ ಮಾತಿನ ಹೊಣೆ

1938ರ ಏಪ್ರಿಲ್ 25ರಂದು ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ, ಜಾತ್ರೆಯ ದಿನಗಳಲ್ಲಿ ಧ್ವಜ ಹಾರಿಸಲು ನೆರೆದಿದ್ದ ಜನರ ಮೇಲೆ ಮೈಸೂರು ಸಂಸ್ಥಾನದ ಪೊಲೀಸರು ಗುಂಡು ಹಾರಿಸಿದ ಪ್ರಸಂಗವು ಧ್ವಜ ಸತ್ಯಾಗ್ರಹದ, ಅಂದರೆ ಸಂಸ್ಥಾನವು ಒಪ್ಪದಿದ್ದ ಕಾಂಗ್ರೆಸ್ ಬಾವುಟವನ್ನು ಬಹಿರಂಗವಾಗಿ ಏರಿಸಿ ಸೆರೆಮನೆಗೆ ಹೋಗುವ ಚಳವಳಿಯ, ಅಧ್ಯಾಯವೆಂದೇ ಪ್ರಸಿದ್ಧವಾಗಿದೆ. ಅದನ್ನು ಸುದ್ದಿಯ ಇತಿಹಾಸವಾಗಿಯೂ ಓದಬಹುದು. ಮಡಿದವರು 32 ಮಂದಿ ಎಂಬುದು ಜನರಲ್ಲಿ ಉಳಿದುಬಂದ ಲೆಕ್ಕ. ಸರ್ಕಾರ ಒಪ್ಪಿದ ಸಂಖ್ಯೆ ಅದಕ್ಕಿಂತ ಬಹಳ ಕಡಿಮೆಯಾಗಿತ್ತು, ಮತ್ತು ಈ ಅಂತರ ಇಂದಿಗೂ ಮುಚ್ಚಿಲ್ಲ.

ಅಂದು ಕೋಲಾರ ಜಿಲ್ಲೆಗೇ ಸೇರಿದ್ದ ಚಿಕ್ಕಬಳ್ಳಾಪುರ, ಚಿಂತಾಮಣಿ, ಶಿಡ್ಲಘಟ್ಟಗಳಲ್ಲಿ ಸುದ್ದಿ ಸಂತೆಯ ಬಾಯಿಮಾತಿನಲ್ಲೂ ನ್ಯಾರೋಗೇಜ್ ರೈಲಿನ ಪ್ರಯಾಣಿಕರ ಜೊತೆಯಲ್ಲೂ ಸಾಗಬಹುದಾಗಿದ್ದ ಕಾಲ ಅದು. ಪತ್ರಿಕೆಗಳನ್ನು 1908ರ ಮೈಸೂರು ವೃತ್ತಪತ್ರಿಕಾ ಕಾಯಿದೆ ಬಿಗಿಹಿಡಿದಿತ್ತು. ಆ ಕಾಯಿದೆ ದಮನಕಾರಿಯಾಗಿತ್ತೆಂಬುದರಲ್ಲಿ ಸಂದೇಹವಿಲ್ಲ, ಆದರೂ ಅಚ್ಚಾದ ಮಾತಿಗೆ ಒಬ್ಬ ಸಂಪಾದಕನಿದ್ದನು, ಒಂದು ವಿಳಾಸವಿತ್ತು, ಸುಳ್ಳೆಂದು ಕಂಡರೆ ಹೋಗಿ ಕೇಳಬಹುದಾದ ಒಂದು ಬಾಗಿಲಿತ್ತು. ಸರ್ಕಾರವೂ ಕೊನೆಗೆ ಮದರಾಸು ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ವೇಪಾ ರಾಮೇಶಂ ಅವರ ಅಧ್ಯಕ್ಷತೆಯಲ್ಲಿ ವಿಚಾರಣಾ ಸಮಿತಿಯನ್ನು ನೇಮಿಸಬೇಕಾಯಿತು. ಗಾಂಧೀಜಿಯವರ ಪರವಾಗಿ ಬಂದ ಸರ್ದಾರ್ ಪಟೇಲ್ ಮತ್ತು ಆಚಾರ್ಯ ಕೃಪಲಾನಿ ದಿವಾನ್ ಮಿರ್ಜಾ ಇಸ್ಮಾಯಿಲ್ ಅವರೊಡನೆ ಮಾತುಕತೆ ನಡೆಸಿ ಒಪ್ಪಂದಕ್ಕೆ ಬಂದದ್ದರಿಂದ, ಧ್ವಜಕ್ಕೆ ಸಂಸ್ಥಾನದಲ್ಲಿ ಸ್ಥಾನ ದೊರೆಯಿತು.

ಮಾತಿಗೊಬ್ಬ ಹೊಣೆಗಾರನಿರುವ ಈ ವ್ಯವಸ್ಥೆ ಮೊಬೈಲಿನ ಕಾಲದಲ್ಲಿ ಕುಸಿಯಿತು. 2012ರ ಆಗಸ್ಟಿನಲ್ಲಿ ಹೆಸರಿಲ್ಲದ ಬೆದರಿಕೆಯ ಸಂದೇಶಗಳನ್ನು ನಂಬಿ ಈಶಾನ್ಯ ರಾಜ್ಯಗಳ ಸಾವಿರಾರು ಜನ ಬೆಂಗಳೂರಿನಿಂದ ರೈಲು ಹತ್ತಿದಾಗ, ಕೇಂದ್ರ ಸರ್ಕಾರ ಒಂದೇ ಬಾರಿಗೆ ಐದಕ್ಕಿಂತ ಹೆಚ್ಚು ಮಂದಿಗೆ ಸಂದೇಶ ಕಳಿಸುವುದನ್ನು ಹದಿನೈದು ದಿನ ತಡೆಯಿತು. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ನಡೆದದ್ದು ಇನ್ನೂ ಘೋರ: ಮಕ್ಕಳ ಕಳ್ಳರೆಂಬ ವದಂತಿಯೊಡನೆ ದೃಶ್ಯವೊಂದು ವಾಟ್ಸಾಪ್‌ನಲ್ಲಿ ಮುಂದೋಡಿ, ಹಾಗೆ ಶಂಕೆಗೆ ಒಳಗಾದವರ ಕಾರು ತಲುಪುವ ಮೊದಲೇ ರಸ್ತೆ ಬಂದ್ ಆಗಿ, ಅದರಲ್ಲಿದ್ದ ಒಬ್ಬ ಯುವಕ ಗುಂಪಿನ ಹೊಡೆತಕ್ಕೆ ಬಲಿಯಾದನು. ಅದೇ ತಿಂಗಳು ವಾಟ್ಸಾಪ್ ಭಾರತದಲ್ಲಿ ಫಾರ್ವರ್ಡ್ ಮಾಡುವುದನ್ನು ಐದು ಚಾಟ್‌ಗಳಿಗೆ ಮಿತಿಗೊಳಿಸುವುದಾಗಿ ಪ್ರಕಟಿಸಿತು.

ಇಂಟರ್ನೆಟ್ ಕಡಿತವೇ ಇದಕ್ಕೆ ಮದ್ದೆಂಬ ವಾದ ಸುಲಭದ್ದು. ಆದರೆ ಅದು 1908ರ ಕಾಯಿದೆಯ ಮನೋಧರ್ಮವನ್ನೇ ಮುಂದುವರಿಸುತ್ತದೆ, ಮತ್ತು ವಿದುರಾಶ್ವತ್ಥದಂಥ ಕಡೆ ಸತ್ತವರ ಲೆಕ್ಕ ಹೇಳುವವರ ಬಾಯಿಯನ್ನೂ ಮುಚ್ಚುತ್ತದೆ. 2020ರ ಜನವರಿ 10ರಂದು ಅನುರಾಧಾ ಭಾಸಿನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅನಿರ್ದಿಷ್ಟ ಕಾಲದ ಕಡಿತ ಸಲ್ಲದೆಂದೂ ಆದೇಶಗಳನ್ನು ಪ್ರಕಟಿಸಬೇಕೆಂದೂ ಹೇಳಿದ್ದು ಈ ಕಾರಣಕ್ಕೆ ಮುಖ್ಯವಾಗುತ್ತದೆ. ಗಲಭೆಯ ಹೊತ್ತಿನಲ್ಲಿ ಕಣ್ಣಾರೆ ಕಂಡದ್ದನ್ನು ಸ್ಥಳ, ಸಮಯ, ಹೆಸರು ಸಹಿತ ಹೇಳುವವನನ್ನು ಪ್ರಭುತ್ವ ರಕ್ಷಿಸಬೇಕು. ಯಾರದೋ ಮಾತನ್ನು ಹೆಸರಿಲ್ಲದೆ ಮುಂದೆ ದಾಟಿಸುವವನು ಮಾತ್ರ, ಅದನ್ನು ತಾನು ಬರೆದಿಲ್ಲವೆಂಬ ನೆಪದಿಂದ, ಅದರ ಪರಿಣಾಮದ ಹೊಣೆಯಿಂದ ಪಾರಾಗಲಾರನು.