ಟ್ಯೂಕ್ಸ್‌ಬರಿ ಅಬೆ
ಟ್ಯೂಕ್ಸ್‌ಬರಿ ಅಬೆ ಇಂಗ್ಲೆಂಡಿನ ಗ್ಲಾಸ್ಟರ್‌ಷೈರ್‌ನಲ್ಲಿ, ಸೆವರ್ನ್ ಮತ್ತು ಏವನ್ ನದಿಗಳು ಕೂಡುವ ಜಾಗದ ಬಳಿ ಇರುವ ಚರ್ಚು. ಕನ್ಯೆ ಮರಿಯಳಿಗೆ ಮುಡಿಪಾದ ಇದು ಬೆನೆಡಿಕ್ಟೈನ್ ಮಠವೊಂದರ ಚರ್ಚಾಗಿ ಹುಟ್ಟಿತು. ಇಂದು ಊರಿನ ಆಂಗ್ಲಿಕನ್ ಪ್ಯಾರಿಷ್ ಚರ್ಚು.

ಏಳನೆಯ ಶತಮಾನದಲ್ಲಿ ಥಿಯೋಕ್ ಎಂಬ ತಪಸ್ವಿ ಇಲ್ಲಿ ನೆಲೆಸಿದ್ದನೆಂಬುದು ಐತಿಹ್ಯ. ಇಂದಿನ ಕಟ್ಟಡದ ಚರಿತ್ರೆ ನಾರ್ಮನ್ ಪ್ರಭು ರಾಬರ್ಟ್ ಫಿಟ್ಜ್‌ಹ್ಯಾಮನ್‌ನಿಂದ ಶುರುವಾಗುತ್ತದೆ. ಫ್ರಾನ್ಸಿನ ಕಾನ್ ಪಟ್ಟಣದ ಕಲ್ಲು ತರಿಸಿ ಕಟ್ಟಿದ ಚರ್ಚು 1121ರಲ್ಲಿ ಪ್ರತಿಷ್ಠೆಯಾಯಿತು. ಇದರ ನಡುಗೋಪುರದ ಎತ್ತರ ಸುಮಾರು 45 ಮೀಟರ್. ಹದಿನಾಲ್ಕನೆಯ ಶತಮಾನದಲ್ಲಿ ಡಿಸ್ಪೆನ್ಸರ್ ಮನೆತನ ಪೂರ್ವಭಾಗವನ್ನು ಹೊಸದಾಗಿ ರೂಪಿಸಿ, ಅಲ್ಲಿಯ ಕಿಟಕಿಗಳಿಗೆ ಬಣ್ಣದ ಗಾಜು ಕೂಡಿಸಿತು.

ಹೆಚ್ಚು ವಿವಾದಕ್ಕೆ ಒಳಗಾದದ್ದು 1471ರ ಮೇ ತಿಂಗಳ ಘಟನೆ. ಇಂಗ್ಲೆಂಡಿನ ಸಿಂಹಾಸನಕ್ಕಾಗಿ ಯಾರ್ಕ್ ಮತ್ತು ಲ್ಯಾಂಕಾಸ್ಟರ್ ಮನೆತನಗಳ ನಡುವೆ ನಡೆಯುತ್ತಿದ್ದ ಯುದ್ಧದಲ್ಲಿ, ಮೇ 4ರಂದು ಊರಿನ ಅಂಚಿನಲ್ಲಿ ಯಾರ್ಕ್ ಪಕ್ಷದ ದೊರೆ ನಾಲ್ಕನೆಯ ಎಡ್ವರ್ಡ್ ಲ್ಯಾಂಕಾಸ್ಟರ್ ಪಡೆಯನ್ನು ಸೋಲಿಸಿದ. ಸೋತವರು ಚರ್ಚಿನಲ್ಲಿ ಆಶ್ರಯ ಪಡೆದರು. ದೊರೆಯ ಕಡೆಯವನೊಬ್ಬ ಬರೆದ ‘ಅರೈವಲ್’ ಎಂಬ ವೃತ್ತಾಂತ, ಅಪರಾಧಿಗಳಿಗೆ ಆಶ್ರಯ ಕೊಡುವ ಹಕ್ಕು ಆ ಚರ್ಚಿಗೆ ಇರಲೇ ಇಲ್ಲವೆಂದು ವಾದಿಸುತ್ತದೆ. ವಾರ್ಕ್‌ವರ್ತ್‌ನದೆಂದು ಹೇಳುವ ವೃತ್ತಾಂತದ ಧ್ವನಿ ಬೇರೆ: ಕತ್ತಿ ಹಿಡಿದು ಒಳಬಂದ ದೊರೆಯನ್ನು ಪೂಜೆಯಲ್ಲಿದ್ದ ಪಾದ್ರಿ ತಡೆದು ಕ್ಷಮೆಯ ಮಾತು ಪಡೆದ, ಕ್ಷಮೆ ಸಿಕ್ಕವರ ತಲೆಯೇ ಆಮೇಲೆ ಉರುಳಿತು. ಲ್ಯಾಂಕಾಸ್ಟರ್ ಸೇನಾನಿ ಸಾಮರ್‌ಸೆಟ್‌ನ ಡ್ಯೂಕ್ ಮತ್ತಿತರರ ಶಿರಚ್ಛೇದ ಮೇ 6ರಂದು ನಡೆದದ್ದರ ಬಗ್ಗೆ ತಕರಾರಿಲ್ಲ. ರಕ್ತದಿಂದ ಮೈಲಿಗೆಯಾದ ಚರ್ಚನ್ನು ಸುಮಾರು ಒಂದು ತಿಂಗಳ ಬಳಿಕ ಶುದ್ಧೀಕರಿಸಲಾಯಿತು.

ಲ್ಯಾಂಕಾಸ್ಟರ್ ಯುವರಾಜ ಎಡ್ವರ್ಡ್‌ನ ಸಾವೂ ಹೀಗೆಯೇ ಗೋಜಲಾಗಿದೆ. ಅವನು ರಣರಂಗದಲ್ಲೇ ಸತ್ತನೆಂದು ಈ ಎರಡೂ ವೃತ್ತಾಂತಗಳು ಹೇಳುತ್ತವೆ. ಸೆರೆಸಿಕ್ಕ ಯುವರಾಜನನ್ನು ದೊರೆಯ ಎದುರೇ ಇರಿದು ಕೊಂದರೆಂಬ ಕಥೆ ಟ್ಯೂಡರ್ ಕಾಲದ ಬರಹಗಳಲ್ಲಿ ಬೆಳೆದು, ಷೇಕ್ಸ್‌ಪಿಯರ್‌ನ ನಾಟಕದಿಂದ ಮನೆಮಾತಾಯಿತು.

ಎಂಟನೆಯ ಹೆನ್ರಿ ಮಠಗಳನ್ನು ಮುಚ್ಚಿಸಿದಾಗ ಟ್ಯೂಕ್ಸ್‌ಬರಿಯ ಸನ್ಯಾಸಿಗಳು 1540ರ ಜನವರಿಯಲ್ಲಿ ಮಠ ಒಪ್ಪಿಸಿದರು. ದೊರೆಯ ಅಧಿಕಾರಿಗಳು ಚರ್ಚನ್ನೂ ಬೇಡದ ಕಟ್ಟಡಗಳ ಪಟ್ಟಿಗೆ ಸೇರಿಸಿದ್ದರು. ಊರವರು 453 ಪೌಂಡು ತೆತ್ತು ಇಡೀ ಚರ್ಚು ಕೊಂಡರೆಂಬುದು ಜನಪ್ರಿಯ ನಿರೂಪಣೆ. ಆದರೆ ಜನ ಸೇರುವ ಪಶ್ಚಿಮದ ಭಾಗ ಮೊದಲಿನಿಂದಲೂ ಪ್ಯಾರಿಷ್‌ನದೇ ಎಂಬುದು ಅವರ ವಾದವಾಗಿತ್ತು. ಕೊಳ್ಳಬೇಕಾಗಿದ್ದು ಸನ್ಯಾಸಿಗಳ ಭಾಗವನ್ನು ಮಾತ್ರ. ಬೆಲೆ ಕಟ್ಟಿದ್ದು ಚಾವಣಿಯ ಸೀಸಕ್ಕೆ, ಗಂಟೆಗಳ ಲೋಹಕ್ಕೆ. ಪೂರ್ವ ತುದಿಯ ಕನ್ಯೆ ಮರಿಯಳ ಪ್ರಾರ್ಥನಾಲಯ ಮತ್ತು ಮಠದ ಬಹುತೇಕ ಕಟ್ಟಡಗಳು ನೆಲಸಮವಾದವು. ಚರ್ಚು ಉಳಿದದ್ದರಲ್ಲಿ ಹಣದಷ್ಟೇ ಪಾಲು ಆ ಹಳೆಯ ಬಳಕೆಯ ಹಕ್ಕಿಗೂ ಇದೆ.

ಮುಂದಿನ ದೊಡ್ಡ ತಿರುವು 1870ರ ದಶಕದ್ದು. ವಾಸ್ತುಶಿಲ್ಪಿ ಜಾರ್ಜ್ ಗಿಲ್ಬರ್ಟ್ ಸ್ಕಾಟ್ ಜೀರ್ಣೋದ್ಧಾರಕ್ಕೆ ಕೈಹಾಕಿದಾಗ, ಹಳೆಯದನ್ನು ಅಳಿಸಿ ಹೊಸದು ಮಾಡುವ ಕ್ರಮವನ್ನು ವಿರೋಧಿಸಿ ಕವಿ, ವಿನ್ಯಾಸಕಾರ ವಿಲಿಯಂ ಮಾರಿಸ್ 1877ರ ಮಾರ್ಚ್‌ನಲ್ಲಿ ‘ಅಥೀನಿಯಂ’ ಪತ್ರಿಕೆಗೆ ಪತ್ರ ಬರೆದ. ಪ್ರಾಚೀನ ಕಟ್ಟಡಗಳ ಸಂರಕ್ಷಣಾ ಸಂಘ ಅದೇ ವರ್ಷ ಹುಟ್ಟಿತು. ಟ್ಯೂಕ್ಸ್‌ಬರಿಯಲ್ಲಿ ಸ್ಕಾಟ್‌ನ ಕೆಲಸ ನಿಲ್ಲಲಿಲ್ಲ. ಕೆಡವಿ ಕಟ್ಟುವ ಬದಲು ದುರಸ್ತಿ ಮಾಡಿ ಉಳಿಸಬೇಕೆಂಬ ಸಂಘದ ನಿಲುವು ಮಾತ್ರ ಬ್ರಿಟನ್ನಿನಾಚೆಗೂ ಹಬ್ಬಿತು.

2007ರ ಜುಲೈ ಪ್ರವಾಹದಲ್ಲಿ ನೀರು ಚರ್ಚಿನೊಳಕ್ಕೂ ನುಗ್ಗಿತು. ಸುತ್ತಲೂ ನೀರು ನಿಂತ ಅಬೆಯ ವೈಮಾನಿಕ ಚಿತ್ರಗಳು ಜಗತ್ತಿನ ಪತ್ರಿಕೆಗಳಲ್ಲಿ ಬಂದವು. ಚರ್ಚು ಈಗ ಗ್ಲಾಸ್ಟರ್ ಡಯಾಸಿಸ್‌ಗೆ ಸೇರಿದೆ. ಬೇಸಿಗೆಯಲ್ಲಿ ಇಲ್ಲಿ ನಡೆಯುವ ‘ಮ್ಯೂಸಿಕಾ ಡಿಯೋ ಸಾಕ್ರಾ’ ಉತ್ಸವದಲ್ಲಿ ಧಾರ್ಮಿಕ ಸಂಗೀತವನ್ನು ಆರಾಧನೆಯ ಭಾಗವಾಗಿಯೇ ಹಾಡುತ್ತಾರೆ.