ಹಂಚಿಗಿಂತ ಮೊದಲು ಹೃದಯ

ಬಾಸೆಲ್ ಮಿಷನ್ ಎಂದೊಡನೆ ಮಂಗಳೂರಿನವರಿಗೆ ಮೊದಲು ನೆನಪಾಗುವುದು ಹಂಚು. ಆಮೇಲೆ ಅಚ್ಚುಕೂಟ, 'ಮಂಗಳೂರು ಸಮಾಚಾರ', ಕಿಟ್ಟೆಲ್ಲರ ನಿಘಂಟು. ಸಭೆಯ ಸ್ಮರಣ ಸಂಚಿಕೆಗಳೂ ಇವನ್ನೇ ಹಿಗ್ಗಿನಿಂದ ಹೇಳಿಕೊಳ್ಳುತ್ತವೆ. ಹೇಳಿಕೊಳ್ಳಬೇಕಾದದ್ದೇ. ಆದರೆ 1834ರ ಅಕ್ಟೋಬರ್ ಕೊನೆಗೆ ಮಂಗಳೂರಿಗೆ ಬಂದ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಹಂಚು ಸುಡಲು ಬಂದವರಲ್ಲ. ಮನುಷ್ಯನ ಹೃದಯ ಹೊಸದಾಗಬೇಕು, ಅದು ಆಗುವಂಥದ್ದೇ ಎಂದು ನಂಬಿ ಬಂದವರು.

ಆ ನಂಬಿಕೆಯ ತವರು ಜರ್ಮನಿಯ ಭಕ್ತಿಪಂಥ. 1675ರಲ್ಲಿ ಸ್ಪೇನರ್ ಎಂಬ ಲೂಥರನ್ ಪಾದ್ರಿ ಒಂದು ಪುಟ್ಟ ಪುಸ್ತಕ ಬರೆದು ತಮ್ಮ ಸಭೆಯವರನ್ನೇ ಎಚ್ಚರಿಸಿದರು. ಶಿಶುವಾಗಿದ್ದಾಗ ದೀಕ್ಷಾಸ್ನಾನ ಆಯಿತು, ಭಾನುವಾರ ಆರಾಧನೆಗೆ ಹೋಗಿ ಬಂದದ್ದಾಯಿತು ಎಂದರೆ ಸಾಲದು, ಒಳಗೆ ಏನಾಗಿದೆ ನೋಡಿಕೊಳ್ಳಿ ಎಂಬುದು ಅದರ ತಿರುಳು. ವುರ್ಟೆಂಬರ್ಗ್ ಸೀಮೆಯ ರೈತರೂ ನೇಕಾರರೂ ಮನೆಮನೆಗಳಲ್ಲಿ ಕೂಡಿ ಬೈಬಲ್ ಓದಿ ಪ್ರಾರ್ಥಿಸುತ್ತಿದ್ದ ಕೂಟಗಳು ಹುಟ್ಟಿದ್ದು ಹೀಗೆ. 1815ರಲ್ಲಿ ಸ್ವಿಟ್ಜರ್‌ಲೆಂಡಿನ ಬಾಸೆಲಿನಲ್ಲಿ ಶುರುವಾದ ಮಿಷನ್ನಿಗೆ ಜನ ಬಂದದ್ದು ಬಹುಪಾಲು ಇಂಥ ಮನೆಗಳಿಂದಲೇ. ಕಲ್ಲಿನ ಹೃದಯ ತೆಗೆದು ಮಾಂಸದ ಹೃದಯ ಕೊಡುವ ಯೆಹೆಜ್ಕೇಲನ ಮಾತು, ರಾತ್ರಿ ಹೊತ್ತು ಯೇಸುವನ್ನು ಕಾಣಲು ಬಂದ ನಿಕೊದೇಮನಿಗೆ ಸಿಕ್ಕ ಹೊಸ ಹುಟ್ಟಿನ ಉಪದೇಶ ಅವರ ಜೀವಾಳ. ಕನ್ನಡ ಕ್ರೈಸ್ತರು ಇದನ್ನು ಮಾನಸಾಂತರ ಎನ್ನುತ್ತಾರೆ. ಬರಿಯ ಪಶ್ಚಾತ್ತಾಪಕ್ಕಿಂತ ದೊಡ್ಡ ಮಾತು ಅದು. ಮನಸ್ಸೇ ಬೇರೆಯಾಗುವುದು.

ಈ ಕರೆ ಅನ್ಯಮತದವರಿಗೆ ಮಾತ್ರ ಎಂದು ತಿಳಿದರೆ ತಪ್ಪಾದೀತು. ಕಣ್ಣೂರಿಗೆ ಹೋದ ಹೆಬಿಕ್ ಅಲ್ಲಿನ ದಂಡಿನ ಬ್ರಿಟಿಷ್ ಅಧಿಕಾರಿಗಳ ಬಂಗಲೆಗಳಿಗೇ ಹೋಗಿ ಅವರ ಆತ್ಮದ ಸ್ಥಿತಿ ವಿಚಾರಿಸುತ್ತಿದ್ದರು. ಹುಟ್ಟಿನಿಂದ ಕ್ರೈಸ್ತರಾದ ಎಷ್ಟೋ ಅಧಿಕಾರಿಗಳು ಅವರ ಮಾತಿಗೆ ಮಣಿದರು. ಮದ್ರಾಸಿನ 39ನೇ ಕಾಲಾಳು ಪಡೆಗೆ 'ಹೆಬಿಕ್ಕರ ಪಲ್ಟನ್' ಎಂಬ ಹೆಸರೇ ಬಿತ್ತು.

ಮಂಗಳೂರಿನಲ್ಲಿ ಈ ಹೊಸ ಹುಟ್ಟಿಗೆ ತೆರಬೇಕಾದ ಬೆಲೆ ಎಷ್ಟೆಂದು ತೋರಿಸಿದವರು ಆನಂದರಾವ್ ಕೌಂಡಿನ್ಯ. ಸಾರಸ್ವತ ಬ್ರಾಹ್ಮಣ ಮನೆತನದ ಹುಡುಗ, ಹರ್ಮನ್ ಮೋಗ್ಲಿಂಗರ ಇಂಗ್ಲಿಷ್ ಶಾಲೆಯ ವಿದ್ಯಾರ್ಥಿ. 1844ರ ಜನವರಿ 6ರಂದು ದೀಕ್ಷಾಸ್ನಾನ ಪಡೆದು, ಗುರುವಿನ ಹೆಸರನ್ನೇ ಸೇರಿಸಿಕೊಂಡು ಹರ್ಮನ್ ಆನಂದರಾವ್ ಕೌಂಡಿನ್ಯರಾದರು. ಊರು ಕುದಿಯಿತು. ಮನೆ ದೂರವಾಯಿತು. ಮಡದಿ ಜತೆಗೆ ಬರಲಿಲ್ಲ. ಕೌಂಡಿನ್ಯರ ನಿಷ್ಠೆಯನ್ನು ಮೆಚ್ಚುವವರು ಆ ಮನೆಯವರ ಕಣ್ಣೀರನ್ನೂ ಮರೆಯಬಾರದು, ಅದೂ ಈ ಚರಿತ್ರೆಗೆ ಸೇರಿದ್ದೇ. 1846ರಲ್ಲಿ ಮೋಗ್ಲಿಂಗರೊಡನೆ ಬಾಸೆಲಿಗೆ ಹೋದ ಅವರು ಅಲ್ಲಿ ಓದಿ, 1851ರಲ್ಲಿ ಗುರುಪಟ್ಟ ಪಡೆದು ಹಿಂದಿರುಗಿದರು, ಬಲ್ಮಠದ ಸೆಮಿನರಿಯಲ್ಲಿ ಪಾಠ ಹೇಳಿದರು.

ಕೌಂಡಿನ್ಯರದು ಓದು ಬಲ್ಲ ಮನೆತನ. ಕಳೆದುಕೊಂಡರೂ ಕೈಯಲ್ಲಿ ವಿದ್ಯೆ ಇತ್ತು. ತುಳುನಾಡಿನ ಬಿಲ್ಲವರ ಪಾಡು ಬೇರೆ. ಅವರಿಗೆ ತಿಳಿಯುವ ನುಡಿಯಲ್ಲಿ ಸುವಾರ್ತೆ ತಲುಪಬೇಕೆಂದು 1847ರ ಹೊತ್ತಿಗೆ ಹೊಸ ಒಡಂಬಡಿಕೆ ತುಳುವಿಗೂ ಬಂದಿತ್ತು, ಕನ್ನಡ ಅಕ್ಷರಗಳಲ್ಲಿ. ಹೃದಯ ಬದಲಾದವನ ಕೈ ಶೇಂದಿಯ ಮಡಕೆ ಹಿಡಿಯಬಾರದು ಎಂಬುದು ಮಿಷನ್ನಿನ ಕಟ್ಟುನಿಟ್ಟು. ಮೂರ್ತೆದಾರಿಕೆಯನ್ನೇ ನಂಬಿದ ಕುಟುಂಬ ದೀಕ್ಷಾಸ್ನಾನ ಪಡೆದ ಮರುದಿನದಿಂದ ಏನು ಉಣ್ಣಬೇಕು? ಜತೆಗೆ ಜಾತಿಯವರ ಬಹಿಷ್ಕಾರ, ಧಣಿಗಳ ಮುನಿಸು, ಗೇಣಿಯ ಗದ್ದೆ ಹೋಗುವ ಭಯ. ಮಗ್ಗಗಳು ಬಂದದ್ದು ಈ ಹಸಿವಿನ ಎದುರಿಗೆ. 1851ರಲ್ಲಿ ಬಂದ ಹಾಲರ್ ನೇಯ್ಗೆಯನ್ನು ಬೆಳೆಸಿದರು. 1865ರಲ್ಲಿ ಪ್ಲೆಬ್ಸ್ಟ್ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದರು, ನೇತ್ರಾವತಿ ದಡದ ಆವೆಮಣ್ಣು ಕೈಗೆಟಕುವಂತಿತ್ತು. ಕರಾವಳಿಯ ಮುಳಿಹುಲ್ಲಿನ ಮಾಡುಗಳು ಕೆಂಪಾಗುತ್ತಾ ಬಂದವು. ಎಲ್ಲರೂ ಹಂಚನ್ನು ಕಂಡರು. ಅದರ ಹಿಂದೆ ಕುಲಕಸುಬು ಬಿಟ್ಟು ಬರಿಗೈಯಲ್ಲಿ ನಿಂತ ಮನೆಗಳಿದ್ದುದನ್ನು ಕಂಡವರು ಕಡಿಮೆ.

ಒಂದು ಮಾತನ್ನು ಮುಚ್ಚಿಡದೆ ಹೇಳಬೇಕು. ಹೃದಯ ನೋಡುವವನು ದೇವರು ಎಂದು ಬೋಧಿಸಿದ ಮಿಷನರಿಗಳು ಎಷ್ಟೋ ಸಲ ತಾವೇ ಅದನ್ನು ನೋಡಬಲ್ಲೆವು ಎಂಬಂತೆ ನಡೆದುಕೊಂಡರು. ತಪ್ಪಿದವರನ್ನು ಕರ್ತನ ಭೋಜನದಿಂದ ದೂರವಿಡುವ ಶಿಸ್ತು ಸಭೆಯನ್ನು ಕಾಪಾಡಿತು. ಕೆಲವರನ್ನು ನೋಯಿಸಿಯೂ ಇರಬೇಕು. ಕಾರ್ಖಾನೆಯ ಕೂಲಿ ಕೊಡುವವರೂ ಸಭೆಯ ಶಿಸ್ತು ಕಾಯುವವರೂ ಒಂದೇ ಮಿಷನ್ನಿನವರಾದಾಗ, ಯಾವುದು ನಿಜವಾದ ಮಾನಸಾಂತರ, ಯಾವುದು ಹೊಟ್ಟೆಪಾಡು ಎಂದು ಬೇರ್ಪಡಿಸುವುದು ಕಷ್ಟವಾಯಿತು. ಈ ಸಂಶಯ ಮಿಷನ್ನಿನವರನ್ನೇ ಕಾಡಿತ್ತು.

ಆ ಸಂಶಯಕ್ಕೆ ಎದುರಾಗಿ ಇಡಬಹುದಾದ ಸಾಕ್ಷಿ ಕೊಡಗಿನಲ್ಲಿದೆ. ಮಡದಿಯಿಂದ ಅಗಲಿ ಎಷ್ಟೋ ವರ್ಷ ಕಳೆದ ಮೇಲೆ, 1860ರಲ್ಲಿ ವುರ್ಟೆಂಬರ್ಗ್‌ನ ಮರೀ ರೈನ್‌ಹಾರ್ಟರನ್ನು ಮದುವೆಯಾದ ಕೌಂಡಿನ್ಯರು, ಕೊಡಗಿನ ಹೊಲೆಯರಿಗಾಗಿ ಕಾಫಿ ತೋಟದ ನೆಲೆಯೊಂದನ್ನು ಕಟ್ಟಿ ನಿಲ್ಲಿಸಲು ದುಡಿದರು. ತಲೆಮಾರುಗಳಿಂದ ಜೀತದಲ್ಲಿದ್ದ ಜನ ಅವರು. ಕೆಲವೇ ವರ್ಷಗಳ ಹಿಂದೆ ಮಂಗಳೂರಿನಲ್ಲಿ ಅಂಥವರ ನೆರಳೂ ಸೋಕಬಾರದು ಎಂಬ ಕಟ್ಟಳೆಯಲ್ಲಿ ಬೆಳೆದವರು ಅವರ ಪಾಲಕರಾದರು. ಆ ಊರಿಗೆ ಅವರದೇ ಹೆಸರು: ಆನಂದಪುರ. 1893ರಲ್ಲಿ ತೀರಿಕೊಳ್ಳುವವರೆಗೂ ಅವರು ಈ ನೆಲದ ಸೇವೆಯಲ್ಲೇ ಇದ್ದರು.

1914ರ ಯುದ್ಧ ಮಿಷನ್ನಿನ ಹೊರಕಟ್ಟನ್ನು ಅಲುಗಾಡಿಸಿತು. ಜರ್ಮನ್ ಮಿಷನರಿಗಳನ್ನು ಸರಕಾರ ಬಂಧನದಲ್ಲಿಟ್ಟಿತು. 1919ರಲ್ಲಿ ಹಂಚು, ನೇಯ್ಗೆಯ ಉದ್ಯಮಗಳು ಕಾಮನ್‌ವೆಲ್ತ್ ಟ್ರಸ್ಟಿನ ಪಾಲಾದವು. ಸಂಬಳ ಕೊಡುವ ದೊರೆಗಳು ಹೋದರೆ ಸಭೆಯೂ ಕರಗುತ್ತದೆ ಎಂದವರಿದ್ದರೆ ಅವರ ಎಣಿಕೆ ತಪ್ಪಿತು. ಊರಿನ ಬೋಧಕರು, ಉಪದೇಶಿಗಳು, ಮನೆಮನೆಯ ಪ್ರಾರ್ಥನಾ ಕೂಟಗಳು ಸಭೆಯನ್ನು ಹಿಡಿದುಕೊಂಡವು. ಒಳಗಿನ ಕೆಲಸ ನಿಜವಾಗಿತ್ತೇ ಎಂಬ ಪ್ರಶ್ನೆಗೆ ಚರಿತ್ರೆ ಕೊಟ್ಟ ಉತ್ತರ ಇದು.

ಕಟ್ಟಡಗಳ ಚರಿತ್ರೆ ಬಲ್ಮಠದ ದಾಖಲೆಗಳಲ್ಲಿದೆ, ಬಾಸೆಲಿನ ಕಪಾಟುಗಳಲ್ಲಿದೆ. ಹೃದಯಗಳ ಚರಿತ್ರೆ ಇರುವುದು ಮನೆಗಳಲ್ಲಿ: ಅಜ್ಜಿ ಹೇಳುತ್ತಿದ್ದ ಸಾಕ್ಷಿಯಲ್ಲಿ, ಅಂಚು ಸವೆದ ಬೈಬಲಿನ ಮೊದಲ ಪುಟದಲ್ಲಿ ಅಜ್ಜ ಬರೆದಿಟ್ಟ ತಾರೀಕಿನಲ್ಲಿ. ಈ ಸಂಚಿಕೆ ಕೈಗೆ ಬಂದ ಪ್ರತಿಯೊಂದು ಕುಟುಂಬವೂ ಈ ವಾರವೇ ಮನೆಯ ಹಿರಿಯರ ಮುಂದೆ ಕೂತು, ಅವರ ಬಾಳು ಯಾವಾಗ, ಹೇಗೆ ತಿರುಗಿತೆಂದು ಕೇಳಿ, ಅವರ ಮಾತಿನಲ್ಲೇ ಬರೆದು, ಒಂದು ಪ್ರತಿಯನ್ನು ಸಭಾಪಾಲಕರ ಕೈಗೆ ತಲುಪಿಸಬೇಕು.