ಗಡಿಯಾರದ ಅಂಗಡಿಯಲ್ಲಿ ಅರಳಿದ ಪಾವಿತ್ರ್ಯ



ಜುಲೈ 12 ಸಂತ ಲೂಯಿ ಮಾರ್ಟಿನ್ ಮತ್ತು ಸಂತ ಝೆಲಿ ದಂಪತಿಯ ಹಬ್ಬ. ಕಿರುಪುಷ್ಪ ಸಂತ ತೆರೇಸಾರವರ ತಂದೆತಾಯಿ ಎಂದರೆ ಎಲ್ಲರಿಗೂ ಗುರುತು ಸಿಗುತ್ತದೆ. ಆದರೆ ಮಗಳ ಕೀರ್ತಿಯಲ್ಲಿ ತಂದೆಯ ಬದುಕು ಮರೆಯಾಗಬಾರದು. ಲೂಯಿ ಧರ್ಮಗುರುವಲ್ಲ, ಸನ್ಯಾಸಿಯಲ್ಲ. ಗಡಿಯಾರ ಮಾಡಿ, ರಿಪೇರಿ ಮಾಡಿ ಸಂಸಾರ ಸಾಕಿದ ಕಸುಬುದಾರ. ಬೆಳ್ತಂಗಡಿ, ಉಪ್ಪಿನಂಗಡಿ, ವೇಣೂರು ಕಡೆಯ ರಸ್ತೆಗಳು ಕೂಡುವ ನಮ್ಮ ಗುರುವಾಯನಕೆರೆ ಪೇಟೆಯಲ್ಲಿ ದಿನಾ ಬೆಳಿಗ್ಗೆ ಅಂಗಡಿ ಬಾಗಿಲು ತೆರೆಯುವವರಿಗೆ, ಹೊಲಿಗೆ, ಮರಗೆಲಸ, ಗ್ಯಾರೇಜು ಎಂದು ದುಡಿಯುವವರಿಗೆ ಇವರು ತಮ್ಮವರೇ ಆದ ಸಂತರು.

ಲೂಯಿ 1823ರ ಆಗಸ್ಟ್ 22ರಂದು ಫ್ರಾನ್ಸಿನ ಬೋರ್ಡೊ ನಗರದಲ್ಲಿ ಸೈನಿಕನೊಬ್ಬನ ಮಗನಾಗಿ ಹುಟ್ಟಿದರು. ಯೌವನದಲ್ಲಿ ಗಡಿಯಾರದ ಕೆಲಸ ಕಲಿತರು. 1845ರಲ್ಲಿ ಆಲ್ಪ್ಸ್ ಪರ್ವತದ ಸಂತ ಬರ್ನಾರ್ಡ್ ಮಠಕ್ಕೆ ಸೇರಲು ಹೋದಾಗ, ಲತೀನ್ ಭಾಷೆ ತಿಳಿಯದ ಕಾರಣ ಅವರನ್ನು ಹಿಂದಕ್ಕೆ ಕಳುಹಿಸಲಾಯಿತು. ದೇವರು ಒಂದು ಬಾಗಿಲು ಮುಚ್ಚಿದರೆಂದು ಅವರು ದೇವರನ್ನೇ ಬಿಡಲಿಲ್ಲ. 1850ರಲ್ಲಿ ಅಲಾನ್ಸೋನ್ ಪಟ್ಟಣದಲ್ಲಿ ಗಡಿಯಾರದ ಅಂಗಡಿ ತೆರೆದರು. ಅದೇ ಪಟ್ಟಣದ ಝೆಲಿ ಗೆರೆನ್ ಕೂಡ ಕನ್ಯಾಮಠ ಸೇರಲು ಹೋಗಿ ಅವಕಾಶ ಸಿಗದೆ, ಲೇಸ್ ಹೆಣೆಯುವ ಉದ್ಯಮ ಕಟ್ಟಿದವರು. 1858ರ ಜುಲೈ 13ರ ಮಧ್ಯರಾತ್ರಿ ಇವರಿಬ್ಬರ ವಿವಾಹ ನಡೆಯಿತು. ಒಂಬತ್ತು ಮಕ್ಕಳು ಹುಟ್ಟಿದರು. ನಾಲ್ವರನ್ನು ಎಳೆಯ ಪ್ರಾಯದಲ್ಲೇ ಮಣ್ಣಿಗೊಪ್ಪಿಸಬೇಕಾಯಿತು. ಉಳಿದ ಐವರು ಹೆಣ್ಣುಮಕ್ಕಳೂ ಕನ್ಯಾಸ್ತ್ರೀಯರಾದರು.

ಈ ಮನುಷ್ಯನ ಪಾವಿತ್ರ್ಯ ಎಲ್ಲಿತ್ತು? ಮುಂಜಾನೆ ಐದೂವರೆಯ ಪೂಜೆಗೆ ದಂಪತಿ ತಪ್ಪದೆ ಹೋಗುತ್ತಿದ್ದರು. ಬಡ ಕೆಲಸಗಾರರು ಹೋಗುವ ಪೂಜೆ ಅದು. ಆದಿತ್ಯವಾರ ಲೂಯಿಯವರ ಅಂಗಡಿ ಮುಚ್ಚಿರುತ್ತಿತ್ತು. ಆಗ ಹಳ್ಳಿಯವರು ಪೇಟೆಗೆ ಬರುತ್ತಿದ್ದದ್ದೇ ಆದಿತ್ಯವಾರ, ವ್ಯಾಪಾರವೆಲ್ಲ ಅಂದೇ. ಬದಿಯ ಬಾಗಿಲನ್ನಾದರೂ ತೆರೆದಿಡು ಎಂದು ಸ್ನೇಹಿತರು ಬುದ್ಧಿ ಹೇಳಿದರು. ಅವರು ಒಪ್ಪಲಿಲ್ಲ. ದೇವರ ದಿನ ದೇವರಿಗೆ, ಕುಟುಂಬಕ್ಕೆ. ಒಮ್ಮೆ ರೈಲು ನಿಲ್ದಾಣದಲ್ಲಿ ಮೂರ್ಛೆರೋಗದ ಬಡವನೊಬ್ಬ ಊರಿಗೆ ಹೋಗಲು ಹಣವಿಲ್ಲದೆ ಕುಳಿತಿದ್ದ. ಲೂಯಿ ತಮ್ಮ ಟೋಪಿಯಲ್ಲೇ ಮೊದಲು ತಮ್ಮ ಹಣ ಹಾಕಿ, ಪ್ರಯಾಣಿಕರ ಮುಂದೆ ಹಿಡಿದು ಭಿಕ್ಷೆ ಎತ್ತಿದರು. ಮರ್ಯಾದಸ್ಥ ವ್ಯಾಪಾರಿಗೆ ಅದರಿಂದ ನಾಚಿಕೆಯೆನಿಸಲಿಲ್ಲ.

1870ರಲ್ಲಿ ಲೂಯಿ ಅಂಗಡಿಯನ್ನು ಸೋದರಳಿಯನಿಗೆ ಬಿಟ್ಟುಕೊಟ್ಟು ಹೆಂಡತಿಯ ಲೇಸ್ ಉದ್ಯಮಕ್ಕೆ ಹೆಗಲು ಕೊಟ್ಟರು. ಹೆಂಡತಿಯ ದುಡಿಮೆಗೆ ನೆರವಾಗುವುದು ತಮಗೆ ಕಡಿಮೆಯೆಂದು ಅವರು ಭಾವಿಸಲಿಲ್ಲ. ಅದೇ ವರ್ಷ ಫ್ರಾನ್ಸಿನಿಂದ ಕಾರ್ಮೆಲ್ ಭಗಿನಿಯರು ನಮ್ಮ ಮಂಗಳೂರಿಗೆ ಬಂದು ಮಠ ಸ್ಥಾಪಿಸಿದರು. ಅವರಲ್ಲಿ ಒಬ್ಬರಾದ ಮರಿಯಂ ಬವಾರ್ದಿ 1871ರಲ್ಲಿ ಮಂಗಳೂರಿನಲ್ಲೇ ವ್ರತ ಸ್ವೀಕರಿಸಿದರು. ಮುಂದೆ ಲೂಯಿಯವರ ನಾಲ್ವರು ಹೆಣ್ಣುಮಕ್ಕಳು ಸೇರಿದ್ದೂ ಅದೇ ಕಾರ್ಮೆಲ್ ಸಭೆಯನ್ನು.

1877ರ ಆಗಸ್ಟ್ 28ರಂದು ಝೆಲಿ ಸ್ತನ ಕ್ಯಾನ್ಸರಿನಿಂದ ತೀರಿಕೊಂಡರು. ತೆರೇಸಾಗೆ ಆಗ ನಾಲ್ಕೇ ವರ್ಷ. ತಾಯಿಯಿಲ್ಲದ ಮಕ್ಕಳಿಗೆ ಬಂಧುಗಳ ಆಸರೆ ಸಿಗಲೆಂದು ಲೂಯಿ ಹುಟ್ಟಿಬೆಳೆದ ಸ್ನೇಹಗಳನ್ನೆಲ್ಲ ಬಿಟ್ಟು ಲಿಸಿಯೋ ಪಟ್ಟಣಕ್ಕೆ ಹೋದರು. 1888ರಲ್ಲಿ ಹದಿನೈದರ ತೆರೇಸಾಳನ್ನು ತಾವೇ ಮಠದ ಬಾಗಿಲಿಗೆ ಒಪ್ಪಿಸಿದರು.

ಅನಂತರ ಬಂದದ್ದು ಕಠಿಣ ಶಿಲುಬೆ. ಲೂಯಿಯವರ ಮನಸ್ಸು ಹತೋಟಿ ತಪ್ಪಿತು. 1889ರಲ್ಲಿ ಅವರನ್ನು ಕಾನ್ ನಗರದ ಮಾನಸಿಕ ರೋಗಿಗಳ ಆಸ್ಪತ್ರೆಗೆ ಸೇರಿಸಬೇಕಾಯಿತು. ಮೂರು ವರ್ಷ ಅಲ್ಲಿದ್ದರು. ಮಕ್ಕಳು ಮಠ ಸೇರಿದ್ದರಿಂದಲೇ ತಂದೆಗೆ ಹೀಗಾಯಿತು ಎಂದು ಜನ ಆಡಿಕೊಂಡರು. 1894ರ ಜುಲೈ 29ರಂದು ಅವರು ದೇವರಡಿ ಸೇರಿದರು.

ಪ್ರಿಯರೇ, ಮನೆಯಲ್ಲಿ ಒಬ್ಬರಿಗೆ ಮಾನಸಿಕ ಕಾಯಿಲೆಯಿದ್ದರೆ ನಾವು ಏನು ಮಾಡುತ್ತೇವೆ? ಒಳಕೋಣೆಯಲ್ಲಿ ಬಚ್ಚಿಡುತ್ತೇವೆ; ಡಾಕ್ಟರರ ಬಳಿ ಹೋಗಲೂ ಹಿಂಜರಿಯುತ್ತೇವೆ. ದೇವರ ಶಾಪ ಎನ್ನುವವರೂ ಇದ್ದಾರೆ. ಧರ್ಮಸಭೆ ಹಾಗೆ ಹೇಳಲಿಲ್ಲ. ಮಾನಸಿಕ ಆಸ್ಪತ್ರೆಯಲ್ಲಿ ಮೂರು ವರ್ಷ ಕಳೆದ ಆ ತಂದೆಯನ್ನು 2008ರಲ್ಲಿ ಪುನೀತರೆಂದೂ, 2015ರ ಅಕ್ಟೋಬರ್ 18ರಂದು ಪೋಪ್ ಫ್ರಾನ್ಸಿಸರು ಪತ್ನಿಯ ಜೊತೆಯಲ್ಲೇ ಸಂತರೆಂದೂ ಘೋಷಿಸಿದರು. ಗಂಡ ಹೆಂಡತಿ ಒಟ್ಟಾಗಿ ಸಂತ ಪದವಿಗೇರಿದ್ದು ಅದೇ ಮೊದಲು. ಅದೇ ವರ್ಷದ ಮೇ 17ರಂದು, ಮಂಗಳೂರಿನ ಮಣ್ಣು ತುಳಿದ ಮರಿಯಂ ಬವಾರ್ದಿಯವರೂ ಸಂತರಾಗಿದ್ದರು.

ಬಡಗಿಯ ಮನೆಯಲ್ಲಿ ಬೆಳೆದವರು ನಮ್ಮ ಪ್ರಭು. ಆದ್ದರಿಂದ ನಮ್ಮ ತಕ್ಕಡಿ, ಉಳಿ, ಕತ್ತರಿ, ಸ್ಪಾನರುಗಳು ಪಾವಿತ್ರ್ಯಕ್ಕೆ ಅಡ್ಡಿಯಲ್ಲ, ಅವೇ ದಾರಿ. ಸರಿಯಾದ ತೂಕ, ಹೇಳಿದ ದಿನಕ್ಕೆ ಮುಗಿಸಿದ ಕೆಲಸ, ಕೆಲಸದಾಳಿಗೆ ಸಮಯಕ್ಕೆ ಕೊಟ್ಟ ಸಂಬಳ, ಸಂಜೆ ಮನೆಮಂದಿಯೊಡನೆ ಜಪಸರ: ಇಷ್ಟನ್ನು ಈ ಹಬ್ಬದಿಂದ ಆರಂಭಿಸೋಣ. ಕಾಯಿಲೆಯವರಿರುವ ನೆರೆಮನೆಯ ಬಾಗಿಲನ್ನು ಈ ವಾರ ಒಮ್ಮೆ ತಟ್ಟೋಣ.

ಸಂತ ಲೂಯಿ ಮತ್ತು ಸಂತ ಝೆಲಿಯವರ ಪ್ರಾರ್ಥನೆಯಿಂದ ಪ್ರಭು ನಮ್ಮ ಕುಟುಂಬಗಳನ್ನೂ ನಮ್ಮ ಕೈಕೆಲಸವನ್ನೂ ಆಶೀರ್ವದಿಸಲಿ. ಆಮೆನ್.